ಗೀಟಿನ ಟೈಲು, ಗುಳ್ಳೆ ಟೈಲು

ನಾನು ಅಳತೆ ಟೇಪನ್ನು ನಂಬುವವಳು. ಯಾರಾದರೂ "ಸುಮಾರು ನಾಲ್ಕು ಅಡಿ ಇರಬಹುದು" ಎಂದರೆ ನನಗೆ ರೇಗುತ್ತದೆ. ಆಫೀಸಿನಲ್ಲಿ ಬೆನ್ನ ಹಿಂದೆ ನನ್ನನ್ನು "ಟೇಪ್ ಮೇಡಂ" ಎನ್ನುತ್ತಾರೆ. ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ಇರುತ್ತೇನೆ. ನಿಜ ಹೇಳಬೇಕೆಂದರೆ ಆ ಹೆಸರು ನನಗೆ ಇಷ್ಟವೇ. ಅಂಥವಳು ಟೇಪು ಕೈಯಲ್ಲಿ ಹಿಡಿದುಕೊಂಡೇ ಒಬ್ಬ ಹೆಂಗಸನ್ನು ವೇದಿಕೆಯ ಮೇಲಿಂದ ಕೆಳಗೆ ಬೀಳಿಸಿದೆ.

ಮೂರು ಕಡೆ ಕೆಲಸವಿತ್ತು. ಬೀದರ್ ಊರೊಳಗಿನ ಒಂದು ಹಳೆಯ ಸಭಾಂಗಣ, ಭಾಲ್ಕಿಯಲ್ಲಿ ಶಟ್ಲ್ ಆಡುವ ಒಂದು ಒಳಾಂಗಣ, ಔರಾದಿನಲ್ಲಿ ಗ್ಯಾಲರಿ ಇರುವ ಒಂದು ಮೈದಾನ. ಮೂರನ್ನೂ ವಿಕಲಚೇತನರು ಸಲೀಸಾಗಿ ಬಳಸುವಂತೆ ಮಾಡಬೇಕೆಂದು ಆದೇಶ. ಇಂಜಿನಿಯರ್ ನಾನೊಬ್ಬಳೇ. ಜನವಾಡದಿಂದ ಬೆಳಿಗ್ಗೆ ಬಸ್ಸು ಹತ್ತಿದರೆ ಆ ದಿನ ಯಾವ ಊರಿನಲ್ಲಿ ಇಳಿಯುತ್ತೇನೆಂದು ನನಗೇ ಗೊತ್ತಿರುತ್ತಿರಲಿಲ್ಲ.

ರ‍್ಯಾಂಪಿನದೇ ಮೊದಲ ಜಗಳ. ಒಂದು ಅಡಿ ಏರಬೇಕಾದರೆ ಹನ್ನೆರಡು ಅಡಿ ಉದ್ದ ಇಳಿಜಾರು ಬೇಕು ಎಂದು ನಾನು ನಕ್ಷೆಯಲ್ಲಿ ಬರೆದಿದ್ದೆ. ಗುತ್ತಿಗೆದಾರರು ಆರೇ ಅಡಿಯಲ್ಲಿ ಮುಗಿಸಿ, "ಬೈಕ್ ಹತ್ತತದಲ್ರಿ ಮೇಡಮ್ಮ, ಗಾಲಿ ಕುರ್ಚಿ ಯಾಕ ಹತ್ತಂಗಿಲ್ಲ?" ಎಂದರು. ಅವರನ್ನೇ ಗಾಲಿ ಕುರ್ಚಿಯಲ್ಲಿ ಕೂರಿಸಿ, ನೀವೇ ಹತ್ತಿ ತೋರಿಸಿ ಎಂದೆ. ಅರ್ಧಕ್ಕೆ ಹಿಂದಕ್ಕೆ ಜಾರಿ ಹೆದರಿ ಕೂಗಿಕೊಂಡರು. ಮರುದಿನವೇ ರ‍್ಯಾಂಪ್ ಒಡೆದು ಹೊಸದಾಗಿ ಕಟ್ಟಿದರು. ಶೌಚಾಲಯದ ಬಾಗಿಲು ಒಳಗೆ ತೆರೆಯುತ್ತಿತ್ತು, ಹೊರಗೆ ತೆರೆಯುವಂತೆ ತಿರುಗಿಸಿದೆವು. ಹಿಡಿಕೆ ಕಂಬಿಯ ಎತ್ತರವನ್ನು ಎರಡೆರಡು ಸಲ ಅಳೆದೆ. ಇಷ್ಟೆಲ್ಲ ಮಾಡಿ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಕೊನೆಗೆ ಉಳಿದದ್ದು ಹಳದಿ ಟೈಲು. ಕಣ್ಣು ಕಾಣದವರಿಗೆ ಪಾದದಿಂದ ದಾರಿ ತಿಳಿಯಲೆಂದು ಹಾಕುವಂಥವು. ಅದರಲ್ಲಿ ಎರಡು ನಮೂನೆ. ಉದ್ದುದ್ದ ಉಬ್ಬು ಗೀಟುಗಳಿದ್ದರೆ "ಈ ದಿಕ್ಕಿಗೆ ನಡೆ" ಎಂದು. ಗುಂಡು ಗುಂಡು ಗುಳ್ಳೆಗಳಿದ್ದರೆ "ನಿಲ್ಲು, ಮುಂದೆ ಮೆಟ್ಟಿಲೋ ಅಂಚೋ ಇದೆ" ಎಂದು. ನಕ್ಷೆಯಲ್ಲಿ ಎರಡಕ್ಕೂ ಒಂದೇ ಹಳದಿ ಬಣ್ಣ ಬಳಿದು, ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಸಣ್ಣಗೆ ಟಿಪ್ಪಣಿ ಬರೆದಿದ್ದೆ. ಟೈಲು ಕೂರಿಸಿದ್ದು ಔರಾದ್ ಕಡೆಯ ಎಕಂಬಾದ ಹಿರಿಯ ಗೌಂಡಿ. ಕೈ ಬಹಳ ಸಾಫು. ಅವರು ಕೂರಿಸಿದ ಫರ್ಶಿಯ ಮೇಲೆ ನೀರು ಚೆಲ್ಲಿದರೆ ಎಲ್ಲೂ ನಿಲ್ಲದೆ ಮೋರಿಗೇ ಹರಿಯುತ್ತದೆ. ಮೂರೂ ಊರಿನ ಟೈಲಿನ ಫೋಟೋಗಳನ್ನು ಅವರು ವಾಟ್ಸಾಪಿನಲ್ಲಿ ಕಳಿಸಿದರು. ಹಳದಿ ಪಟ್ಟಿಗಳು ನಕ್ಷೆಯಲ್ಲಿದ್ದ ಜಾಗದಲ್ಲೇ ಇದ್ದವು. ಆಮೇಲೆ ಸ್ಥಳಕ್ಕೂ ಹೋಗಿ ಅಂಚಿನಿಂದ ಎಷ್ಟು ಬಿಟ್ಟಿದ್ದಾರೆ, ಅಗಲ ಎಷ್ಟು ಎಂದು ಟೇಪ್ ಹಿಡಿದೆ. ಎಲ್ಲ ಬರಾಬರ್. ಸಹಿ ಹಾಕಿದೆ.

ಬೂಟು ಹಾಕಿಕೊಂಡು ಅಳೆದಿದ್ದೆ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ.

ಬೀದರಿನ ಸಭಾಂಗಣದಲ್ಲಿ ಎರಡು ತಿಂಗಳ ಮೇಲೆ ಸಂಗೀತದ ಕಾರ್ಯಕ್ರಮವಿತ್ತು. ಅದರಲ್ಲಿ ಹಾಡಲಿದ್ದ ಒಬ್ಬರಿಗೆ ಕಣ್ಣು ಕಾಣುವುದಿಲ್ಲ ಎಂದು ತಿಳಿದು, ಬಂದು ಒಮ್ಮೆ ನಡೆದು ನೋಡಿ ಹೇಳುತ್ತೀರಾ ಎಂದು ಕೇಳಿಕೊಂಡೆ. ಹಲಬರ್ಗಾದ ಸಂಗೀತ ಶಿಕ್ಷಕಿ ಅವರು. ಮೂವತ್ತರ ಆಚೀಚೆ ವಯಸ್ಸು. ಬಿಳಿ ಕೋಲು ಹಿಡಿದು ಒಬ್ಬರೇ ಬಸ್ಸಿನಲ್ಲಿ ಬಂದರು. ಕರೆದುಕೊಂಡು ಬರಲು ನಾನು ಸ್ಟ್ಯಾಂಡಿಗೆ ಹೋದರೆ, "ಕೈ ಹಿಡೀಬ್ಯಾಡ್ರಿ ಮೇಡಮ್ರಿ, ಮಾತಾಡ್ಕೋತ ನಡೀರಿ, ದನಿ ಹಿಂದ ಬರ್ತೇನಿ" ಎಂದರು. ದಾರಿಯುದ್ದಕ್ಕೂ ನಾನು ಏನೇನೋ ಹರಟುತ್ತ ನಡೆದೆ.

ಸಭಾಂಗಣದಲ್ಲಿ ಚಹಾ ಕುಡಿಯುತ್ತ ಅವರು ಹೇಳಿದ್ದನ್ನು ನಾನು ಮರೆತಿಲ್ಲ. "ಹನ್ನೆರಡು ವರ್ಷ ಆತ್ರಿ ಹಾಡ್ಲಿಕ್ಕತ್ತು. ಪ್ರತಿ ಸಲ ಯಾರರ ಒಬ್ರು ರಟ್ಟಿ ಹಿಡದು ಸ್ಟೇಜಿಗಿ ತರ್ತಾರ. ನಾ ಇನ್ನಾ ಬಾಯಿನೇ ತಗದಿರಂಗಿಲ್ಲ, ಮಂದಿ ಚಪ್ಪಾಳಿ ಹೊಡೀತಾರ. ಅದು ನನ್ನ ಹಾಡಿಗಿ ಅಲ್ರಿ, ಅಯ್ಯೋ ಪಾಪ ಅಂತ ಹೊಡಿಯೋ ಚಪ್ಪಾಳಿ. ಒಂದ್ ಸಲ, ಒಂದೇ ಸಲ ನಾನಾಗೇ ನಡಕೊಂಡು ಹೋಗಿ ಮೈಕ್ ಮುಂದ ನಿಂದರಬೇಕು. ಮಂದಿಗಿ ಮೊದಲ ಹಾಡು ಕೇಳಬೇಕು."

"ಈ ಸಲ ಹಾಗೇ ಆಗ್ತದ ನೋಡ್ರಿ," ಎಂದೆ ನಾನು. ಎಷ್ಟು ಧೈರ್ಯವಾಗಿ ಹೇಳಿದೆ!

ವೇದಿಕೆಯ ಬಲಬದಿಗೆ ಒಂದು ಬಾಗಿಲು. ಅಲ್ಲಿಂದ ಹಳದಿ ಪಟ್ಟಿ ಮೈಕಿನವರೆಗೆ ಹೋಗುತ್ತದೆ. ವೇದಿಕೆಯ ಮುಂದಂಚಿನುದ್ದಕ್ಕೂ ಇನ್ನೊಂದು ಹಳದಿ ಸಾಲು. ಆ ಸಾಲು ಎಡ ಮೂಲೆಯಲ್ಲಿ, ಸಭಾಂಗಣಕ್ಕೆ ಇಳಿಯುವ ಮೆಟ್ಟಿಲ ಬಾಯಲ್ಲಿ ಮುಗಿಯುತ್ತದೆ. ಶಿಕ್ಷಕಿ ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಹಾಡುವವರು ಚಪ್ಪಲಿ ಮೆಟ್ಟಿ ವೇದಿಕೆ ಹತ್ತುವುದಿಲ್ಲ. ಆಮೇಲೆ ಕೋಲನ್ನು ಮಡಚಿ ಬಾಗಿಲಿಗೆ ಒರಗಿಸಿದರು. "ಸ್ಟೇಜ್ ಮ್ಯಾಲ ಕೋಲ ಬ್ಯಾಡ್ರಿ. ಟೈಲ್ ಅದಾವಲ್ಲ." ನಾನು ಕಡತಕ್ಕೆ ವಿಡಿಯೋ ಬೇಕೆಂದು ಸಭಾಂಗಣದ ಹಿಂದಿನ ಸಾಲಿಗೆ ಹೋಗಿ ಫೋನ್ ಹಿಡಿದು ನಿಂತೆ.

ಮೊದಲ ಟೈಲಿನ ಮೇಲೆ ಬಲಗಾಲು ಇಟ್ಟವರು ಅಲ್ಲೇ ನಿಂತರು. ಪಾದವನ್ನು ಅತ್ತ ಇತ್ತ ಸರಿಸಿದರು.

"ಮೇಡಮ್ರಿ, ಇಲ್ಲೇನರ ಅದ ಏನ್ರಿ? ಕಾಲಿಗಿ ನಿಲ್ಲು ಅಂತ ಹತ್ಲಿಕ್ಕತ್ತದ."

"ಏನಿಲ್ರಿ, ಖಾಲಿ ಅದ. ಬರ್ರಿ ಬರ್ರಿ, ಸೀದಾ ಬರ್ರಿ!" ಎಂದು ನಾನು ಹಿಂದಿನಿಂದ ಕೂಗಿದೆ.

ಬಂದರು. ಎರಡು ಹೆಜ್ಜೆ ಇಟ್ಟು ಮತ್ತೆ ತಡೆದರು. ನಾನು ಮತ್ತೆ "ಬರ್ರಿ" ಎಂದೆ. ಆಗ ಅವರು ಎಡಗಾಲನ್ನು ಬದಿಗೆ ಚಾಚಿ ನೆಲವನ್ನು ಹುಡುಕಿದರು. ಮುಂದಂಚಿನ ಸಾಲು ಕಾಲಿಗೆ ಸಿಕ್ಕಿತು. ತಕ್ಷಣ ಮುಖ ಅರಳಿತು, ಬಿಗಿದುಕೊಂಡಿದ್ದ ಭುಜ ಇಳಿಯಿತು. ಆ ಸಾಲಿನ ಮೇಲೆ ಎಡ ಮೂಲೆಯತ್ತ, ದಿನವೂ ಓಡಾಡುವ ಓಣಿಯಲ್ಲಿ ನಡೆದಂತೆ ಸರಸರ ನಡೆಯತೊಡಗಿದರು. ಫೋನಿನ ಪರದೆಯಲ್ಲಿ ಅವರ ನಗು ನೋಡಿ ನಾನೂ ನಕ್ಕೆ. ಮೈಕ್ ದಾಟಿ ಹೋದರು. ಯಾಕೆ ದಾಟಿದರು ಎಂದುಕೊಂಡೆ. ಅದು ವೇದಿಕೆಯ ಅಂಚು ಎಂದು ನನಗೆ ಹೊಳೆಯುವಷ್ಟರಲ್ಲಿ, "ನಿಲ್ರಿ" ಎಂಬ ಶಬ್ದ ನನ್ನ ಬಾಯಿಂದ ಹೊರಡುವಷ್ಟರಲ್ಲಿ, ಅವರ ಕಾಲು ಮೆಟ್ಟಿಲ ಬಾಯಲ್ಲಿ ಗಾಳಿಯ ಮೇಲೆ ಬಿತ್ತು.

ಆ ಸದ್ದು ಹೇಗಿತ್ತೆಂದು ಬರೆಯಲಾರೆ. ನಾನು ಕುರ್ಚಿಗಳಿಗೆ ಬಡಿದುಕೊಳ್ಳುತ್ತ ಓಡಿದೆ. ಅವರು ಮೆಟ್ಟಿಲ ಕೆಳಗೆ ಒಂದು ಬದಿಗೆ ಬಿದ್ದಿದ್ದರು, ಬಲಗೈ ಮೈಯ ಅಡಿಗಿತ್ತು. ಅಳಲಿಲ್ಲ, ಕೂಗಲಿಲ್ಲ. "ಗೀಟ ಇದ್ವು," ಎಂದರು. "ಖರೇನೇ ಗೀಟ ಇದ್ವು ಮೇಡಮ್ರಿ." ಹೊರಗೆ ಕಂಬಿಗೆ ಸಿಮೆಂಟು ತುಂಬುತ್ತಿದ್ದ ಗೌಂಡಿ ಓಡಿ ಬಂದರು. ಇಬ್ಬರೂ ಸೇರಿ ಆಟೋದಲ್ಲಿ ದವಾಖಾನೆಗೆ ಕರೆದೊಯ್ದೆವು. ಬಲ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಹಾರ್ಮೋನಿಯಂ ನುಡಿಸುವ ಕೈ. ಊರಿನಿಂದ ಅವರ ಅಣ್ಣ ಬಂದು ಕರೆದುಕೊಂಡು ಹೋದರು.

ನಾನು ಸಭಾಂಗಣಕ್ಕೆ ವಾಪಸು ಬಂದು, ಬೂಟು ಬಿಚ್ಚಿ, ಬರಿಗಾಲಲ್ಲಿ ಆ ಪಟ್ಟಿಯ ಮೇಲೆ ನಿಂತೆ. ಬಾಗಿಲಿನಿಂದ ಮೈಕಿನವರೆಗೆ ಗುಳ್ಳೆ. ಅಂಚಿನುದ್ದಕ್ಕೂ ಗೀಟು. ನಡೆ ಎನ್ನಬೇಕಾದಲ್ಲಿ ನಿಲ್ಲು, ನಿಲ್ಲು ಎನ್ನಬೇಕಾದಲ್ಲಿ ನಡೆ. ಪೂರ್ತಿ ಉಲ್ಟಾ! ಕಣ್ಣಿದ್ದ ನಾನು ಇದೇ ಟೈಲಿನ ಮೇಲೆ ಕೂತು ಅಗಲ ಅಳೆದಿದ್ದೆ. ಅವರ ಪಾದ ಒಂದೇ ಹೆಜ್ಜೆಗೆ ಹಿಡಿದ ತಪ್ಪು ನನಗೆ ಕಂಡೇ ಇರಲಿಲ್ಲ.

ಗೌಂಡಿಯ ಮೇಲೆ ಹರಿಹಾಯ್ದೆ. "ಯಾಕ ಹೀಂಗ ಮಾಡಿದ್ರಿ ಕಾಕಾ?"

ಅವರಿಗೆ ನನ್ನ ಪ್ರಶ್ನೆಯೇ ತಿಳಿಯಲಿಲ್ಲ. "ಹೀಂಗ ಅಂದ್ರ ಹ್ಯಾಂಗ್ರಿ? ಪಾವಟಿಗಿ ತುದಿಗಿ ಗೀಟಿನ ಟೈಲೇ ಹಾಕೋದಲ್ರಿ! ಕಾಲ ಜಾರಬಾರ್ದಂತ. ನಮ್ಮಪ್ಪನೂ ಹಂಗೇ ಹಾಕ್ತಿದ್ದ, ಕಲ್ಲಿನ ಪಾವಟಿಗಿ ಇದ್ರ ಉಳೀಲೆ ಗೀಟ ಹೊಡೀತಿದ್ದ. ಬೇಕಾದ್ರ ಯಾವ ಮನಿಗರ ಹೋಗಿ ನೋಡ್ರಿ. ಈ ಗುಳ್ಳಿ ನೋಡ್ಲಿಕ್ಕಿ ಚಂದ ಅದ ಅಂತ ನಡು ದಾರಿಗಿ ಹಾಕೀನಿ."

ಅವರ ಮಾತಿನಲ್ಲಿ ತಪ್ಪೇನಿದೆ? ನಮ್ಮ ಮನೆಯ ಮೆಟ್ಟಿಲ ತುದಿಯಲ್ಲೂ ಗೀಟೇ ಇದೆ. ಅಂಚಿಗೆ ಗೀಟು ಎಂಬುದು ಅವರ ಕೈಗೆ ಮೂವತ್ತು ವರ್ಷಗಳಿಂದ ಕೂತ ಪಾಠ. ಕನ್ನಡವನ್ನೇ ಕೂಡಿಸಿಕೊಂಡು ಓದುವ ಅವರಿಗೆ ನಾನು ಕೊಟ್ಟದ್ದು ಇಂಗ್ಲಿಷ್ ಟಿಪ್ಪಣಿ. ಎರಡೂ ನಮೂನೆಯನ್ನು ಸಮಸಮ ತರಿಸಿದ್ದರಿಂದ ಯಾವುದೂ ಕಡಿಮೆ ಬಿದ್ದಿರಲಿಲ್ಲ. ಬಿದ್ದಿದ್ದರೆ ಅಂದೇ ಗೊತ್ತಾಗುತ್ತಿತ್ತು.

ಆಗ ಇನ್ನೊಂದು ಮಾತು ನೆನಪಾಯಿತು. "ಕಾಕಾ, ಭಾಲ್ಕಿದಾಗ? ಔರಾದದಾಗ?"

"ಎಲ್ಲಾ ಕಡಿ ಒಂದೇ ಕೈ ಅಲ್ರಿ," ಎಂದರು ಮೆಲ್ಲಗೆ. ಅವರಿಗೂ ಆಗ ತಿಳಿಯಿತು.

ಮರುದಿನ ಮಧ್ಯಾಹ್ನ ಜೀಪು ಸಿಕ್ಕಿತು. ಗೌಂಡಿಯನ್ನು ಕೂರಿಸಿಕೊಂಡು ಮೊದಲು ಭಾಲ್ಕಿಗೆ ಹೋದೆ. ಒಳಾಂಗಣದಲ್ಲಿ ಕೂಡುವ ಕಟ್ಟೆಯ ಅಂಚಿಗೆ ಅದೇ ಗೀಟು, ದಾರಿಗೆ ಅದೇ ಗುಳ್ಳೆ. ಅಂಚಿನಿಂದ ಕೆಳಗೆ ಮಂಡಿಯುದ್ದ ಇಳಿತ. ಬಾಗಿಲು ಕಾಯುವವರನ್ನು ಕೇಳಿದೆ, ಕಣ್ಣು ಕಾಣದವರು ಯಾರಾದರೂ ಇಲ್ಲಿಗೆ ಬಂದಿದ್ದರಾ ಎಂದು.

"ಒಬ್ರು ಬರ್ತಾರಲ್ರಿ, ಆಟದ ಸಪ್ಪಳ ಕೇಳ್ಲಿಕ್ಕಿ. ಮೊದಲ ಚೊಲೋ ಆಡ್ತಿದ್ರಂತ. ಪಾಪ, ಎರಡ್ ಸಲ ಇಲ್ಲೇ ಬಿದ್ದಾರ."

"ಬಿದ್ದಾರ? ಯಾರಿಗೂ ಹೇಳಲಿಲ್ಲೇನ್ರಿ?"

ಅವರು ನನ್ನ ಮುಖವನ್ನು ವಿಚಿತ್ರವಾಗಿ ನೋಡಿದರು. "ಏನಂತ ಹೇಳೋದ್ರಿ? ಕುರುಡ ಮನಷಾ ಅಂದಮ್ಯಾಲ ಬೀಳ್ತಾನಲ್ರಿ."

ಮುಖಕ್ಕೆ ಹೊಡೆದಂತಾಯಿತು. ಆ ಮನುಷ್ಯ ಕೆಟ್ಟವರಲ್ಲ. ಬಿದ್ದವರನ್ನು ಎತ್ತಿ ನೀರು ಕುಡಿಸಿ ಕಳಿಸಿದವರೇ ಅವರು. ಆದರೆ ಟೈಲಿನ ತಪ್ಪೂ ಗೌಂಡಿಯ ತಪ್ಪೂ ನನ್ನ ತಪ್ಪೂ ಸೇರಿ ಆ ಬಿದ್ದವರ ಕಣ್ಣಿನ ಲೆಕ್ಕಕ್ಕೆ ಹೋಗಿಬಿಟ್ಟಿದ್ದವು. ಶಿಕ್ಷಕಿಯೂ ನನ್ನೆದುರು ಬೀಳದೆ ಇನ್ನೆಲ್ಲೋ ಬಿದ್ದಿದ್ದರೆ ನಾನೂ "ಅಯ್ಯೋ ಪಾಪ" ಎಂದು ಸುಮ್ಮನಾಗುತ್ತಿದ್ದೆ. ಕಟ್ಟೆಗೆ ಹಗ್ಗ ಕಟ್ಟಿಸಿ, ಯಾರನ್ನೂ ಬಿಡಬೇಡಿ ಎಂದು ಹೇಳಿ ಹೊರಟೆ. ಜೀಪಿನಲ್ಲಿ ಗೌಂಡಿ ತಲೆ ತಗ್ಗಿಸಿ ಕೂತವರು ಔರಾದ್ ಬರುವವರೆಗೂ ಎತ್ತಲಿಲ್ಲ.

ಔರಾದಿನ ಮೈದಾನಕ್ಕೆ ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ನೋಡಿದರೆ ಶಾಮಿಯಾನ ಕಟ್ಟುತ್ತಿದ್ದಾರೆ, ಗ್ಯಾಲರಿಯ ಕಂಬಗಳಿಗೆ ಬಣ್ಣದ ಕಾಗದ ಅಂಟಿಸುತ್ತಿದ್ದಾರೆ. ದೈಹಿಕ ಶಿಕ್ಷಕರೊಬ್ಬರು ಓಡಿ ಬಂದು, "ಚೊಲೋ ಆತು ನೋಡ್ರಿ ಮೇಡಮ್ರಿ ನೀವು ಬಂದದ್ದು! ನಾಳಿ ಮುಂಜಾನೆ ವಿಶೇಷ ಸಾಲಿ ಮಕ್ಕಳದು ಆಟ. ನಿಮ್ಮ ಹಳದಿ ದಾರಿ ಮ್ಯಾಲೇ ಮಕ್ಕಳಿಗಿ ನಡಸಿ ಉದ್ಘಾಟನೆ ಮಾಡಸ್ಬೇಕಂತ ಮಾಡೀವಿ. ಕಣ್ಣ ಕಾಣದ ಹನ್ನೊಂದ್ ಮಕ್ಕಳು, ಯಾರ ಕೈನೂ ಹಿಡೀದೆ!" ಎಂದರು.

ಗ್ಯಾಲರಿಯ ಅಂಚಿನಿಂದ ಕೆಳಗೆ ನನ್ನ ಎತ್ತರದಷ್ಟು ಇಳಿತ, ಕೆಳಗೆ ಮಳೆನೀರಿನ ಕಲ್ಲಿನ ಕಾಲುವೆ. ಅಂಚಿನುದ್ದಕ್ಕೂ ಹೊಳೆಯುವ ಹಳದಿ ಗೀಟು.

ಮೇಲಧಿಕಾರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ಕಾರ್ಡ್ ಎಲ್ಲಾ ಹಂಚ್ಯಾರಮ್ಮ. ಈಗೇನ್ ಮಾಡ್ಲಿಕ್ಕಾಗ್ತದ? ಒಬ್ಬೊಬ್ಬ ಕೂಸಿಗಿ ಒಬ್ಬೊಬ್ಬರ ಕೈ ಹಿಡಸ್ರಿ. ಕಾರ್ಯಕ್ರಮ ಮುಗೀಲಿ, ಆಮ್ಯಾಲ ಸದ್ದಿಲ್ದೆ ಬದಲಿ ಮಾಡ್ಸೋಣ," ಎಂದರು.

ತಳ್ಳಿಹಾಕುವ ಮಾತಾಗಿರಲಿಲ್ಲ ಅದು. ಕೈ ಹಿಡಿದರೆ ನಾಳೆ ಯಾರೂ ಬೀಳುವುದಿಲ್ಲ. ಆದರೆ ನಾಡಿದ್ದು? ಕೈ ಹಿಡಿದು ನಡೆದ ಹನ್ನೊಂದು ಮಕ್ಕಳ ಪಾದಗಳೂ ನಾಳೆ ಒಂದು ಪಾಠ ಕಲಿಯುತ್ತವೆ: ಗುಳ್ಳೆ ಅಂದರೆ ನಡೆ, ಗೀಟು ಅಂದರೆ ಅಂಚು. ಅದೇ ಪಾಠ ಹೊತ್ತು ಅವರು ದೊಡ್ಡವರಾಗಿ ಯಾವುದಾದರೂ ರೈಲ್ವೆ ಪ್ಲಾಟ್‌ಫಾರ್ಮಿನ ಮೇಲೆ, ಎಲ್ಲವನ್ನೂ ಸರಿಯಾಗಿ ಹಾಕಿರುವ ಕಡೆ, ಗುಳ್ಳೆ ಸಿಕ್ಕಿತೆಂದು ಮುಂದೆ ನಡೆಯುತ್ತಾರೆ.

"ಕಾಕಾ, ಉಳಿ ಸುತ್ತಿಗಿ ಅದಾವೇನ್ರಿ?"

"ಅದಾವ್ರಿ. ಹುಕುಂ ಬಂತೇನ್ರಿ?"

"ಇಲ್ರಿ. ನಾನೇ ಹೇಳ್ತೇನಿ. ಒಡೀರಿ."

ದೈಹಿಕ ಶಿಕ್ಷಕರು ಹೌಹಾರಿದರು. ಗೌಂಡಿ ಒಂದು ಕ್ಷಣ ತಾವೇ ಕೂರಿಸಿದ ಆ ನೆಟ್ಟಗಿನ ಸಾಲನ್ನು ನೋಡಿದರು. ಆಮೇಲೆ ಅಂಚಿನ ಮೊದಲ ಟೈಲಿಗೆ ಉಳಿ ಇಟ್ಟು ಹೊಡೆದರು. ಚೆನ್ನಾಗಿ ಕೂರಿಸಿದ್ದ ಟೈಲು ಸುಲಭಕ್ಕೆ ಏಳಲಿಲ್ಲ. ಶಾಮಿಯಾನ ಕಟ್ಟುತ್ತಿದ್ದವರೂ ಗುದ್ದಲಿ ಹಿಡಿದು ಬಂದರು. ದೀಪ ಹಚ್ಚುವ ಹೊತ್ತಿಗೆ ಗ್ಯಾಲರಿಯ ಮೇಲೆ ಒಂದೂ ಹಳದಿ ಉಳಿದಿರಲಿಲ್ಲ, ಬರೀ ಕಿತ್ತುಹೋದ ಸಿಮೆಂಟು. ಸುಳ್ಳು ಹೇಳುವ ಟೈಲಿಗಿಂತ ಸುಮ್ಮನಿರುವ ನೆಲ ವಾಸಿ ಎನಿಸಿತು. ಮರುದಿನ ಶಿಕ್ಷಕರು ಗೇಟಿನಿಂದ ಮೈದಾನಕ್ಕೆ ಹಗ್ಗ ಕಟ್ಟಿದರು. ಮಕ್ಕಳು ಹಗ್ಗ ಹಿಡಿದುಕೊಂಡು ಕೆಳಗೇ ಓಡಿದರು. ಉದ್ಘಾಟನೆಗೆ ಬಂದವರು ಒಡೆದ ಗ್ಯಾಲರಿ ನೋಡಿ ಗರಂ ಆದರು. ನಾನು ಪಾದದಲ್ಲಿ ಪರೀಕ್ಷಿಸದೆ ಸಹಿ ಮಾಡಿದ್ದೇನೆ, ಒಬ್ಬರಿಗೆ ಪೆಟ್ಟಾಗಿದೆ ಎಂದು ಕಡತದಲ್ಲಿ ಬರೆದೆ. ವಿಡಿಯೋವನ್ನೂ ಸೇರಿಸಿದೆ. ನೋಟಿಸು ಬಂತು, ಉತ್ತರ ಕೊಟ್ಟೆ.

ಆ ವಾರವೇ ಹಲಬರ್ಗಾಕ್ಕೆ ಹೋದೆ. ಶಿಕ್ಷಕಿ ಮನೆಯ ಕಟ್ಟೆಯ ಮೇಲೆ ಪ್ಲಾಸ್ಟರಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಕ್ಷಮೆ ಕೇಳಿದೆ. ಟೈಲು ಉಲ್ಟಾ ಕೂತದ್ದು, ಗೌಂಡಿಗೆ ತಿಳಿಯದ್ದು, ನನ್ನ ಇಂಗ್ಲಿಷ್ ಟಿಪ್ಪಣಿ, ಎಲ್ಲ ಹೇಳಿದೆ.

"ಟೈಲಿನ ಮ್ಯಾಲ ನನಗ ಸಿಟ್ಟಿಲ್ರಿ," ಎಂದರು ಅವರು. "ಗೌಂಡಿ ಮ್ಯಾಲೂ ಇಲ್ಲ. ನಾ ನಿಂತಿದ್ನಿ ಮೇಡಮ್ರಿ. ನನ್ನ ಕಾಲು ನನಗ ಖರೇ ಹೇಳಿತ್ತು. ನೀವು ಬರ್ರಿ ಅಂದ್ರಿ. ಕಣ್ಣಿದ್ದವ್ರು ಹೇಳ್ಲಿಕ್ಕತ್ತಾರ ಅಂತ ನನ್ನ ಕಾಲಿನ ಮಾತ್ ಬಿಟ್ಟು ನಿಮ್ಮ ಮಾತ್ ಕೇಳಿದ್ನಿ. ಸಿಟ್ಟ್ ಬಂದದ್ದು ಅದಕ್ಕ. ನಿಮ್ಮ ಮ್ಯಾಲೂ, ನನ್ನ ಮ್ಯಾಲೂ."

ನಿಲ್ಲು ಎಂದು ಟೈಲು ಹೇಳಿದ್ದನ್ನು ಅವರು ಕೇಳಿಸಿಕೊಂಡು ನನಗೂ ಕೇಳಿಸಿದ್ದರು. ಅವರನ್ನು ಮುಂದೆ ನೂಕಿದ್ದು ನನ್ನ ಬಾಯಿ. ಕಣ್ಣಲ್ಲಿ ನೀರು ಬಂತು. ಅವರಿಗೆ ಹೇಗೆ ಗೊತ್ತಾಯಿತೋ, "ಅಳಬ್ಯಾಡ್ರಿ, ಚಹಾ ಆರ್ತದ," ಎಂದರು. ಚಹಾ ಮುಗಿದ ಮೇಲೆ, "ಹೊಸಾ ಟೈಲ್ ಯಾವಾಗ ಹಾಕ್ತೀರಿ? ನಾ ಬರ್ತೇನಿ," ಎಂದರು.

ಬಂದರು. ಒಣ ನೆಲದ ಮೇಲೆ ಸಿಮೆಂಟಿಲ್ಲದೆ ಟೈಲು ಜೋಡಿಸಲು ಹೇಳಿ, ಗೌಂಡಿಯ ಕಣ್ಣಿಗೆ ಅವರದೇ ಟವೆಲ್ ಕಟ್ಟಿಸಿದರು. "ಕಾಕಾ, ಈಗ ನಡೀರಿ. ಕೈಲೆ ಏನೂ ಮುಟ್ಟಬ್ಯಾಡ್ರಿ." ಗೌಂಡಿ ಮೊದಲು ಮೂರು ಹೆಜ್ಜೆಗೇ ಗೋಡೆ ಹುಡುಕಿದರು. ನಾಲ್ಕನೆಯ ಸಲಕ್ಕೆ ಗೀಟಿನ ಮೇಲೆ ನಡೆದು ಬಂದು, ಗುಳ್ಳೆ ತಗುಲಿದೊಡನೆ ಗಕ್ಕನೆ ನಿಂತರು. "ಅಯ್ಯ! ಕಾಲು ತಾನೇ ನಿಂತತ್ರಿ ತಾಯಿ," ಎಂದರು. ಆಮೇಲೆ ಮೂರೂ ಊರಿನಲ್ಲಿ ಪ್ರತಿ ಸಾಲು ಕೂರಿಸುವ ಮುಂಚೆ ಅವರು ಟವೆಲ್ ಕಟ್ಟಿಕೊಂಡು ನಡೆದರು. ನಾನು ಬೂಟು ಬಿಚ್ಚಿ ಅವರ ಹಿಂದೆ ನಡೆದೆ.

ಕಾರ್ಯಕ್ರಮದ ಸಂಜೆ ಸಭಾಂಗಣ ತುಂಬಿತ್ತು. ನಾನೂ ಗೌಂಡಿಯೂ ಮೂರನೆಯ ಸಾಲಿನಲ್ಲಿ ಕೂತೆವು. ಹಾರ್ಮೋನಿಯಂ, ತಬಲಾದವರು ಶ್ರುತಿ ಹೊಂದಿಸುತ್ತಿದ್ದರು. ಜನ ಅತ್ತ ಇತ್ತ ತಿರುಗಿ ಮಾತಾಡುತ್ತಿದ್ದರು, ಹಿಂದೆ ಯಾರೋ ಕುರ್ಚಿಗೆ ಜಗಳ ತೆಗೆದಿದ್ದರು. ಶಿಕ್ಷಕಿ ಬಲ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೋಲು ಒರಗಿಸಿದರು. ನಡೆದರು. ನಾಲ್ಕು ಹೆಜ್ಜೆ ಬಂದು ನಿಂತರು. ಅಲ್ಲಿ ಗೀಟೇ ಇತ್ತು, ನಾನೇ ನಡೆದು ನೋಡಿದ್ದೆ, ನನಗೆ ಚೆನ್ನಾಗಿ ಗೊತ್ತಿತ್ತು. "ಬರ್ರಿ" ಎಂಬ ಮಾತು ಗಂಟಲವರೆಗೆ ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡೆ.

ಅವರು ಕಾಲಡಿ ಸಿಕ್ಕಿದ್ದ ಮೈಕಿನ ವಯರನ್ನು ಪಾದದಿಂದ ಬದಿಗೆ ಸರಿಸಿ, ಮುಂದೆ ನಡೆದರು. ಆ ವಯರು ನನಗೆ ಕಂಡೇ ಇರಲಿಲ್ಲ.

ಪಕ್ಕದಲ್ಲಿ ಗೌಂಡಿ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಕೂತಿದ್ದರು. "ಮೇಡಮ್ರಿ, ಮೈಕಿಗಿ ಮುಟ್ಟಿದ್ರೇನ್ರಿ?" ಎಂದು ಪಿಸುಗುಟ್ಟಿದರು.

ಯಾರೂ ಚಪ್ಪಾಳೆ ಹೊಡೆದಿರಲಿಲ್ಲ. ಹಿಂದಿನ ಕುರ್ಚಿಯ ಜಗಳ ಇನ್ನೂ ನಡೆದಿತ್ತು. ಅವರು ಮೈಕಿನ ಮುಂದೆ ಬಂದು ನಿಂತದ್ದನ್ನು ಸಭಾಂಗಣದಲ್ಲಿ ಯಾರೂ ಗಮನಿಸಿರಲಿಲ್ಲ.

"ಸುಮ್ಮನ ಕೇಳ್ರಿ ಕಾಕಾ," ಎಂದೆ.

ಮೊದಲ ಸ್ವರ ಎದ್ದಿತು. ಜಗಳ ನಿಂತಿತು.